ಬೆಟ್ಟದ ಮೇಲೆ ಯಗಟಿಯ ಪಾತಿ

ಗೌರಿ ಹಬ್ಬ ಕಳೆದ ಮೇಲೆ ಹುಚ್ಚಮ್ಮ ಮೊಮ್ಮಗಳನ್ನು ಕರೆದೊಯ್ಯಲು ಬೆಟ್ಟಕ್ಕೆ ಬಂದಳು. ತರೀಕೆರೆಯಿಂದ ಗಣಿಗೆ ರಾಗಿ ತರುವ ಗಾಡಿಯಲ್ಲಿ ಮೂಟೆಗಳ ಮೇಲೆ ಕುಳಿತು ಬಂದಿದ್ದಳು. ಕಂಬಳಿಯ ನೀರನ್ನು ಬಾಗಿಲಲ್ಲೇ ಕೊಡವಿ ಒಳಗೆ ಬಂದವಳು ಯಾರನ್ನೂ ಮಾತನಾಡಿಸುವ ಮೊದಲು ಒಲೆಯ ಪಕ್ಕದ ಗಂಗಳವನ್ನು ನೋಡಿದಳು. ಮುದ್ದೆ ಇಟ್ಟದ್ದು ಇಟ್ಟ ಹಾಗೇ ಇತ್ತು. ಒಂದು ಕಡೆ ಮಾತ್ರ ಬೆರಳಲ್ಲಿ ಕಿತ್ತ ಗುರುತು.

"ಯಾವಾಗಿನ ಹಿಟ್ಟು ಇದು?"

"ಬೆಳಿಗ್ಗೇದು ಅತ್ತೆಮ್ಮ," ಎಂದಳು ಸೊಸೆ ತೀರ್ಥಮ್ಮ.

"ಮಗ ಏನ್ ತಿಂತು ಮತ್ತೆ?"

"ಒಂದು ತುತ್ತು ತಿಂದ್ಲು."

"ಗುಬ್ಬಚ್ಚಿನೂ ಇದಕ್ಕಿಂತ ಜಾಸ್ತಿ ತಿಂತೈತೆ ಕಣೇ."

ಮೂಲೆಯಲ್ಲಿ ಕಂಬಳಿ ಹೊದ್ದು ಕುಳಿತಿದ್ದ ಹೊನ್ನಿ ಅಜ್ಜಿಯನ್ನು ನೋಡಿ ನಕ್ಕಳು. ನಕ್ಕ ಮೇಲೆ ಕೆಮ್ಮು ಬಂತು. ಕೆಮ್ಮು ನಿಲ್ಲುವವರೆಗೆ ಹುಚ್ಚಮ್ಮ ನಿಂತೇ ಇದ್ದಳು.

ಹೊನ್ನಿಗೆ ನಾಲ್ಕು ವರ್ಷ. ಆಷಾಢದಿಂದ ಕೆಮ್ಮು ಹಿಡಿದಿತ್ತು. ಕೈಕಾಲು ಕಡ್ಡಿಯಾಗಿ ಹೊಟ್ಟೆ ಮುಂದೆ ಬಂದಿತ್ತು. ಗಣಿಯ ಆಸ್ಪತ್ರೆಯ ಕಾಂಪೌಂಡರು ಕೆಂಪು ಔಷಧ ಕೊಟ್ಟು, ಸೊಪ್ಪು ತರಕಾರಿ ತಿನ್ನಿಸಿ ಎಂದಿದ್ದರು. ತರಕಾರಿ ತರೀಕೆರೆಯ ಸಂತೆಯಿಂದ ಬರಬೇಕು. ಮಳೆಗಾಲದಲ್ಲಿ ದಾರಿ ಕುಸಿದರೆ ಗಾಡಿ ಹತ್ತುತ್ತಿರಲಿಲ್ಲ. ಹತ್ತಿದ ಗಾಡಿಯಲ್ಲಿ ರಾಗಿ, ಹುರುಳಿ, ಒಣಮೆಣಸಿನಕಾಯಿ. ಕಾಡಿನಲ್ಲಿ ಸೊಪ್ಪು ಬೇಕಾದಷ್ಟಿತ್ತು. ಯಾವುದು ತಿನ್ನುವುದು, ಯಾವುದು ವಿಷ ಎಂದು ಬಯಲುಸೀಮೆಯಿಂದ ಬಂದವರಿಗೆ ತಿಳಿಯದು. ಮನೆಯಲ್ಲಿ ದಿನವೂ ಹುರುಳಿಯ ಸಾರು. ಅದನ್ನು ಕಂಡರೆ ಹೊನ್ನಿ ಬಾಯಿ ಮುಚ್ಚಿಕೊಳ್ಳುತ್ತಿದ್ದಳು.

ಅವರು ಯಗಟಿಯಿಂದ ಬೆಟ್ಟಕ್ಕೆ ಬಂದು ಎರಡು ವರ್ಷವಾಗಿತ್ತು. ಊರಿನ ಹೊಲ ಹುಚ್ಚಮ್ಮನ ಹಿರಿಯ ಮಗನೊಬ್ಬನ ಕೈಗೇ ಸಾಲುವಷ್ಟಿತ್ತು. ಕಿರಿಯ ಮಗ ರಂಗಪ್ಪ ಕಬ್ಬಿಣದ ಅದಿರಿನ ಗಣಿಗೆ ಸೇರಿ ಬಂಡೆಗೆ ಕುಳಿ ಹೊಡೆಯುವ ಗುಂಪಿನ ಮೇಸ್ತ್ರಿಯಾದ. ಅವನ ಹೆಂಡತಿ ತೀರ್ಥಮ್ಮ ಅಜ್ಜಂಪುರದ ಗುತ್ತಿಗೆದಾರ ಚನ್ನಬಸಪ್ಪನ ಕೂಲಿಯವರಿಗೆ ಎರಡು ಹೊತ್ತು ಮುದ್ದೆ ಬೇಯಿಸುತ್ತಿದ್ದಳು. ಕೋಳಿ ಕೂಗುವ ಮೊದಲೇ ಎದ್ದು ಹೋಗಬೇಕು. ದೊಡ್ಡ ಗಡಿಗೆಯನ್ನು ಕಾಲಿನಲ್ಲಿ ಒತ್ತಿ ಹಿಡಿದು ಕೋಲಿನಿಂದ ಹಿಟ್ಟು ತಿರುವಿ ತಿರುವಿ ಅವಳ ತೋಳು ಗಂಡಸಿನ ತೋಳಿನಂತಾಗಿತ್ತು. ಮೊದಲ ವರ್ಷದ ಮಳೆಯಲ್ಲಿ ಅವರ ಗಂಡು ಮಗು ಜ್ವರ ಬಂದು ಸತ್ತಿತ್ತು. ಆ ವಿಷಯವನ್ನು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ.

ಹುಚ್ಚಮ್ಮ ಆ ರಾತ್ರಿಯ ಊಟಕ್ಕೆ ಕುಳಿತಾಗ ಎತ್ತಿದಳು.

"ಒಂದನ್ನ ಈ ಬೆಟ್ಟಕ್ಕೆ ಕೊಟ್ಟಾಯ್ತು. ಇದನ್ನ ಕೊಡಾಕಿಲ್ಲ. ನಾಳೆ ಗಾಡಿಗೆ ಕರ್ಕೊಂಡ್ ಹೋಯ್ತೀನಿ."

ರಂಗಪ್ಪ ಮುದ್ದೆ ಮುರಿಯುತ್ತಿದ್ದವನು ಹೆಂಡತಿಯ ಕಡೆ ನೋಡಿದ.

"ಕಳ್ಸಾಕಿಲ್ಲ," ಎಂದಳು ತೀರ್ಥಮ್ಮ.

"ಯಾಕೆ ಕಳ್ಸಲ್ಲ? ನಾನೇನ್ ಬೇರೆಯವಳಾ?"

"ಹೋದ ವರ್ಸ ನಿಮ್ಮ ಮಗಳು ಏನಂದ್ರು? ಹೊನ್ನಿ ನನ್ನ ತಿಮ್ಮಂಗೇ ಅಂದ್ರು. ಒಂದ್ಸಲ ಅಲ್ಲಿಗೆ ಹೋದ್ರೆ ಅಲ್ಲೇ ಬೆಳೀತಾಳೆ, ಅಲ್ಲೇ ಸೊಸೆ ಆಗ್ತಾಳೆ. ನಾನು ನೆಂಟರ ಥರ ಹೋಗಿ ನೋಡ್ಕೊಂಡ್ ಬರ್ಬೇಕು."

ಹುಚ್ಚಮ್ಮನ ಮಗಳು ಕರಿಯಮ್ಮನನ್ನು ಯಗಟಿಯಲ್ಲೇ ಪಕ್ಕದ ಮನೆಗೆ ಕೊಟ್ಟಿದ್ದರು. ತಿಮ್ಮ ಅವಳ ಮಗ. ಎರಡು ಮನೆಗೂ ಒಂದೇ ಅಂಗಳ.

"ಸೋದರತ್ತೆ ಮನೆ ಅಂದ್ರೆ ಹುಲಿ ಬಾಯೇನೇ?" ಎಂದಳು ಹುಚ್ಚಮ್ಮ. "ನೀನು ಮಗೀಗೆ ಹಾಕೋದೇನು? ಹುರುಳಿ ಕಟ್ಟು. ಕುದುರೆ ತಿನ್ನೋದು. ಮಗ ಬಾಯಿ ತೆಗೀತದಾ?"

"ಸೊಪ್ಪು ಸಿಕ್ಕಿದ್ರೆ ತಿಂತಾಳೆ."

"ಎಲ್ಲೈತೆ ಸೊಪ್ಪು?"

"ನಾನು ಬೆಳೀತೀನಿ. ಹಿತ್ತಲಲ್ಲಿ."

ರಂಗಪ್ಪನಿಗೆ ನಗು ಬಂತು. "ನಿಂಗೆ ಉಗುರು ಕತ್ತರಿಸ್ಕೊಳ್ಳೋಕೇ ಪುರುಸೊತ್ತಿಲ್ಲ. ತರಕಾರಿ ಯಾವತ್ತು ಬೆಳ್ದಿದ್ದೀಯ?"

ಬೆಳೆದಿರಲಿಲ್ಲ. ಯಗಟಿಯಲ್ಲಿ ಅವರೆ ರಾಗಿ ಹೊಲದ ನಡುನಡುವೆ ಬಿಡುವ ಅಕ್ಕಡಿ ಸಾಲಿನಲ್ಲಿ ತಾನಾಗಿ ಬರುತ್ತಿತ್ತು. ಹಿತ್ತಲ ತರಕಾರಿ ಎಂದರೆ ಬಚ್ಚಲ ನೀರಿಗೆ ಹಬ್ಬಿದ ಒಂದು ಕುಂಬಳದ ಬಳ್ಳಿ. ಆದರೂ ತೀರ್ಥಮ್ಮ ಮಾತು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

"ದೀಪಾವಳಿಗೆ ಮಗ ಹೊಟ್ಟೆ ತುಂಬ ಉಣ್ಣಬೇಕು. ಉಣ್ಣದಿದ್ರೆ ಕರ್ಕೊಂಡ್ ಹೋಗಿ. ನಾನು ಬಾಯಿ ಬಿಡಲ್ಲ."

"ಏನಪ್ಪಾ, ಕೇಳಿದ್ಯಾ?" ಎಂದಳು ಹುಚ್ಚಮ್ಮ ಮಗನಿಗೆ.

"ಕೇಳ್ದೆ. ಆಗ್ಲಿ. ದೀಪಾವಳಿವರ್ಗೂ ಇದ್ಬಿಡವ್ವ ನೀನೂ," ಎಂದ ರಂಗಪ್ಪ. ಎರಡನೆಯ ಮುದ್ದೆಗೆ ಕೈ ಚಾಚಿದ.

*

ಹಿತ್ತಲು ಎಂದರೆ ತಗಡಿನ ಮನೆಯ ಹಿಂದೆ, ಗುಡ್ಡ ಕಡಿದು ಮಾಡಿದ ಒಂದು ತುಂಡು ನೆಲ. ಮಣ್ಣು ಕೆಂಪಗೆ, ಅಂಟಂಟು. ಮಧ್ಯಾಹ್ನದ ಅಡಿಗೆ ಮುಗಿಸಿ ಸಂಜೆಯ ಅಡಿಗೆಗೆ ಹೋಗುವ ನಡುವೆ ತೀರ್ಥಮ್ಮ ಗುದ್ದಲಿ ಹಿಡಿದಳು. ಮೊದಲ ದಿನ ಹುಚ್ಚಮ್ಮ ಬಾಗಿಲಲ್ಲಿ ಕುಳಿತು ಎಲೆ ಅಡಿಕೆ ಅಗಿಯುತ್ತಾ ನೋಡಿದಳು. ಎರಡನೆಯ ದಿನ ಎದ್ದು ಬಂದು ಸೊಸೆಯ ಕೈಯಿಂದ ಗುದ್ದಲಿ ಕಿತ್ತುಕೊಂಡಳು.

"ಹಿಂಗಾ ಅಗಿಯೋದು? ಕೋಳಿ ಕೆದಕ್ದಂಗೆ."

"ನೀವ್ಯಾಕೆ? ಇಲ್ಲಿ ಏನೂ ಬೆಳೀದಿದ್ರೇ ನಿಮ್ಗೆ ಒಳ್ಳೇದಲ್ವಾ?"

"ಮಗೀ ಮಾತು ಬೇರೆ, ಮಣ್ಣಿನ ಮಾತು ಬೇರೆ. ಬಿಡು."

ಬೀಜಕ್ಕೆ ಹುಚ್ಚಮ್ಮನೇ ಗಾಡಿಯವನ ಕೈಲಿ ಯಗಟಿಗೆ ಹೇಳಿ ಕಳಿಸಿದಳು. ಮುಂದಿನ ಗಾಡಿಗೆ ಹಿರಿಯ ಮಗ ಕಳಿಸಿಕೊಟ್ಟ. ಬೂದಿಯಲ್ಲಿ ಕಲಸಿ ಬಟ್ಟೆಯಲ್ಲಿ ಕಟ್ಟಿದ ಹರಿವೆ, ಮೆಂತ್ಯ, ಅವರೆ, ಕುಂಬಳ, ಬದನೆ. ಕುಂಬಳದ ಬೀಜವನ್ನು ಹುಚ್ಚಮ್ಮ ಒಂದೊಂದಾಗಿ ಹಲ್ಲಿನಲ್ಲಿ ಕಚ್ಚಿ ನೋಡಿದಳು.

ಇಬ್ಬರೂ ಸೇರಿ ಪಾತಿ ಕಟ್ಟಿದರು. ಯಗಟಿಯಲ್ಲಿ ತೆಂಗಿನ ಸಸಿಗೆ ಕಟ್ಟುವಂತೆ ನಡುವೆ ಮಣ್ಣು ತೆಗೆದು ತಗ್ಗು ಮಾಡಿ, ಸುತ್ತ ಬದು ಎತ್ತಿ, ಬದುವನ್ನು ಅಂಗೈಯಲ್ಲಿ ತಟ್ಟಿ ತಟ್ಟಿ ನುಣುಪು ಮಾಡಿದರು. ಅದರಲ್ಲಿ ಇಬ್ಬರ ಕೈಯೂ ಒಂದೇ. ಬಾವಿಯ ನೀರು ಪಾತಾಳದಲ್ಲಿರುವ ಊರಿನವರು. ಬಿದ್ದ ಹನಿಯನ್ನು ಹೊರಗೆ ಬಿಡುವುದು ಅವರಿಗೆ ಗೊತ್ತಿರಲಿಲ್ಲ.

"ಇಲ್ಲಿ ನೋಡು, ಈ ಮೂಲೇಲಿ ಸೋರ್ತದೆ. ಇನ್ನೊಂದು ಹಿಡಿ ಹಾಕು," ಎಂದಳು ಹುಚ್ಚಮ್ಮ.

"ಹಾಕ್ದೆ."

"ನಿಮ್ಮಪ್ಪ ಬದು ಕಟ್ಟೋದ್ರಲ್ಲಿ ಹುಷಾರಿ. ಪಂಚನಹಳ್ಳಿಯೋರು ನೋಡೋಕೆ ಬತ್ತಿದ್ರು."

ಅತ್ತೆಯ ಬಾಯಲ್ಲಿ ತನ್ನ ಅಪ್ಪನ ಬಗ್ಗೆ ಒಳ್ಳೆಯ ಮಾತನ್ನು ತೀರ್ಥಮ್ಮ ಕೇಳಿದ್ದು ಅದೇ ಮೊದಲು. ಅವಳು ಇನ್ನೊಂದು ಹಿಡಿ ಮಣ್ಣು ಹಾಕಿದಳು.

ಕೊಪ್ಪದ ಕಡೆಯ ಕೂಲಿಯವನೊಬ್ಬ ಹಿತ್ತಲ ಹಾದಿಯಲ್ಲಿ ಹೋಗುತ್ತಾ ನಿಂತು ನೋಡಿದ.

"ಏನಕ್ಕಾ, ಕೆರೆ ಕಟ್ತಿದ್ದೀರಾ? ಮೀನು ಬಿಡೋದು ಯಾವಾಗ?"

"ನಿನ್ನ ಅತ್ತೆ ಮನೆಯೋರು ಬಂದಾಗ," ಎಂದಳು ಹುಚ್ಚಮ್ಮ. "ಹೋಗೋ, ಹೋಗು."

ಅವನು ನಗುತ್ತಾ ಹೋದ. ಸೊಸೆಯೂ ನಕ್ಕಳು. ಸಂಜೆ ಅತ್ತೆ ಸೊಸೆ ಇಬ್ಬರೂ ಬದುವನ್ನು ಇನ್ನೂ ಗೇಣು ಎತ್ತರ ಮಾಡಿದರು.

ಉತ್ತರೆ ಮಳೆ ಬಿಡುವು ಕೊಟ್ಟಿತು. ನಾಲ್ಕಾರು ದಿನ ಬಿಸಿಲೂ ಬಂತು. ಮೊದಲು ಮೆಂತ್ಯ ಮೊಳೆಯಿತು, ಹಿಂದೆಯೇ ಹರಿವೆ. ತೀರ್ಥಮ್ಮ ಕತ್ತಲೆಯಲ್ಲಿ ಕೆಲಸಕ್ಕೆ ಹೋಗುವಾಗ ಬಗ್ಗಿ ಬೆರಳಿನಿಂದ ಸವರಿ ನೋಡಿ ಹೋಗುತ್ತಿದ್ದಳು. ರಂಗಪ್ಪ ಗಣಿಯಲ್ಲಿ ಬಿಸುಟ ತಂತಿ ತಂದು ಸುತ್ತ ಬೇಲಿ ಬಿಗಿದ. ಹೊನ್ನಿಯನ್ನು ಕಂಬಳಿ ಸುತ್ತಿ ಬದುವಿನ ಮೇಲೆ ಕೂರಿಸಿದರೆ ಅವಳು ಎಲೆ ಎಣಿಸುತ್ತಿದ್ದಳು. ಮೂರರವರೆಗೆ ಮಾತ್ರ ಎಣಿಸಲು ಬರುತ್ತಿತ್ತು. ಮತ್ತೆ ಒಂದರಿಂದ ಶುರು.

"ಇದು ಯಾರ್ಗೆ?" ಎಂದಳು ಹುಚ್ಚಮ್ಮ.

"ನಂಗೆ."

"ಅಜ್ಜೀಗಿಲ್ವಾ?"

"ಅಜ್ಜೀಗೆ ಹುರುಳಿ."

ಹುಚ್ಚಮ್ಮ ಜೋರಾಗಿ ನಕ್ಕಳು. "ಅವ್ವನ ಬಾಯೇ ಬಂದೈತೆ ನೋಡು ಇದಕ್ಕೆ."

*

ಹಸ್ತ ಮಳೆ ಮೊದಲು ಮಂಜಾಗಿ ಬಂತು. ಮಂಜು ಮನೆಯೊಳಗೆ ಬಂದು ಒಲೆಯ ಮೇಲೆ ನಿಂತಿತು. ಉಪ್ಪು ನೀರಾಯಿತು. ಬೆಂಕಿಕಡ್ಡಿ ಗೀರಿದರೆ ಹತ್ತುತ್ತಿರಲಿಲ್ಲ. ಆಮೇಲೆ ಗಾಳಿ, ಗಾಳಿಯ ಹಿಂದೆ ಮಳೆ. ಮಳೆ ಬಿದ್ದಷ್ಟೂ ಪಾತಿಯಲ್ಲಿ ನಿಂತಿತು. ಅವರು ಕಟ್ಟಿದ ಬದು ಒಂದು ಕಡೆಯೂ ಸೋರಲಿಲ್ಲ.

ಮೊದಲ ದಿನ ಹುಚ್ಚಮ್ಮ ನೋಡಿ, "ಒಳ್ಳೇದೇ. ಬೇರು ಕುಡೀಲಿ," ಎಂದಳು.

ಮೂರನೆಯ ದಿನ ಹೊನ್ನಿ ಬಾಗಿಲಲ್ಲಿ ನಿಂತು ಚಪ್ಪಾಳೆ ತಟ್ಟಿದಳು. "ಅವ್ವ, ಕೆರೆ! ಕೆರೆ!"

ತೀರ್ಥಮ್ಮ ಮಳೆಯಲ್ಲೇ ಇಳಿದು ತಂಬಿಗೆಯಲ್ಲಿ ನೀರು ಮೊಗೆದು ಹೊರಗೆ ಚೆಲ್ಲಿದಳು. ಚೆಲ್ಲಿದಷ್ಟೂ ಮೇಲಿನ ಗುಡ್ಡದಿಂದ ಇಳಿದು ಬಂತು. ಸಂಜೆಯ ಅಡಿಗೆಗೆ ಹೊತ್ತಾಗಿ ಚನ್ನಬಸಪ್ಪನೇ ಮನೆಯ ಬಳಿಗೆ ಬಂದ. ತಲೆಯ ಮೇಲೆ ಗೋಣಿ ಹಾಕಿಕೊಂಡಿದ್ದ.

"ಏನಮ್ಮಾ, ನನ್ನ ಆಳುಗಳು ಒಲೆ ಮುಂದೆ ಬಾಯಿ ತಕ್ಕೊಂಡು ಕೂತವ್ರೆ. ನೀನಿಲ್ಲಿ ಸಮುದ್ರ ಬತ್ತಿಸ್ತಿದ್ದೀಯ?"

"ಬತ್ತೀನಿ ಅಯ್ಯಾ, ಒಂದ್ ಗಳಿಗೆ."

"ಗಳಿಗೆ ಇಲ್ಲ. ಬತ್ತೀಯೋ, ಬೇರೆಯೋಳ್ನ ನೋಡ್ಲೋ?"

ಅವಳು ತಂಬಿಗೆಯನ್ನು ಅಲ್ಲೇ ಬಿಟ್ಟು ಹೋದಳು. ಆ ರಾತ್ರಿ ಕೂಲಿಯವರು ಉಂಡೆದ್ದ ಮೇಲೆ ಬಂದು ನೋಡಿದರೆ ಹುಚ್ಚಮ್ಮ ಮಂಡಿಯವರೆಗೆ ಕೆಸರಾಗಿ ಒಲೆಯ ಮುಂದೆ ಕುಳಿತಿದ್ದಳು. ತಂಬಿಗೆ ಅವಳ ಪಕ್ಕದಲ್ಲಿತ್ತು.

ಚಿತ್ತೆ ಮಳೆ ಬರುವ ಹೊತ್ತಿಗೆ ಮೆಂತ್ಯ ಹಳದಿಯಾಗಿ ಮಲಗಿತು. ಹರಿವೆಯ ಬುಡ ಕಪ್ಪಾಯಿತು. ಎಳೆದರೆ ಬೇರಿಲ್ಲದೆ ಕೈಗೆ ಬಂತು. ಅವರೆ, ಬದನೆ, ಕುಂಬಳ ಮಣ್ಣಿನೊಳಗೇ ಕೊಳೆತವು. ತೀರ್ಥಮ್ಮ ಉಳಿದ ಬೀಜದಲ್ಲಿ ಒಂದಿಷ್ಟನ್ನು ಅದೇ ಪಾತಿಗೆ ಮತ್ತೆ ಹಾಕಿದಳು. ಅದು ಮೊಳೆಯಲೂ ಇಲ್ಲ.

ಅಂದು ಊಟದ ಹೊತ್ತಿನಲ್ಲಿ ಅವಳು ಬಾಯಿ ಬಿಚ್ಚಿದಳು.

"ಹಳೇ ಬೀಜ ತರಿಸಿದ್ರಿ ನೀವು."

ಹುಚ್ಚಮ್ಮ ಕೈಯಲ್ಲಿದ್ದ ತುತ್ತನ್ನು ಗಂಗಳಕ್ಕೆ ಹಾಕಿದಳು. "ಏನಂದೆ?"

"ಮಗೀನ ಕರ್ಕೊಂಡ್ ಹೋಗ್ಬೇಕಲ್ಲ ನಿಮ್ಗೆ. ಅದಕ್ಕೇ."

"ಲೇ ತೀರ್ಥ!" ಎಂದ ರಂಗಪ್ಪ.

"ನೀನ್ ಸುಮ್ನಿರೋ," ಎಂದಳು ಹುಚ್ಚಮ್ಮ. "ಕೇಳೇ ಇಲ್ಲಿ. ನಿನ್ನ ಮೇಲೆ ಸಿಟ್ಟು ಬಂದ್ರೆ ನಿನ್ನ ಜುಟ್ಟು ಹಿಡೀತೀನಿ. ಬೀಜಕ್ಕೆ ಮೋಸ ಮಾಡೋಳಲ್ಲ ನಾನು. ಅದು ಮೊಳೆತಿದ್ದನ್ನ ನೀನೇ ನೋಡ್ಲಿಲ್ವಾ? ನಿನ್ನ ಕಣ್ಣಿಗೆ ಏನ್ ಬಂದಿತ್ತು?"

"ಮತ್ಯಾಕೆ ಸತ್ತೋಯ್ತು?"

"ನಂಗೇನ್ ಗೊತ್ತು? ಬೆಟ್ಟ. ಈ ಬೆಟ್ಟದಲ್ಲಿ ಏನ್ ಉಳೀತದೆ?"

ತಗಡಿನ ಮೇಲೆ ಮಳೆಯ ಸದ್ದು ಎಷ್ಟಿತ್ತೆಂದರೆ ಹೊನ್ನಿ ಕೆಮ್ಮುವುದೂ ಕೇಳಿಸುತ್ತಿರಲಿಲ್ಲ. ಮೈ ಅಲುಗುವುದು ಮಾತ್ರ ಕಾಣುತ್ತಿತ್ತು.

*

ದೀಪಾವಳಿಗೆ ರಂಗಪ್ಪ ತರೀಕೆರೆಯಿಂದ ಬೆಲ್ಲ ತಂದ. ತೀರ್ಥಮ್ಮ ಹೋಳಿಗೆ ಮಾಡಿದಳು. ಹೊನ್ನಿ ಅಂಚನ್ನು ಮುರಿದು ಬಾಯಿಗಿಟ್ಟು, ಮತ್ತೆ ತೆಗೆದು ಗಂಗಳದ ಮೇಲಿಟ್ಟಳು. ಹುಚ್ಚಮ್ಮ ನೋಡಿದಳು. ಗೆದ್ದವಳ ಮುಖವೂ ಅವಳಿಗಿರಲಿಲ್ಲ. ಎದ್ದು ಮಗುವಿನ ಬಟ್ಟೆ ಮಡಿಸತೊಡಗಿದಳು.

"ಆ ಕೆಂಪು ಲಂಗ ಒಣಗಿಲ್ಲ," ಎಂದಳು ತೀರ್ಥಮ್ಮ.

"ಊರಲ್ಲಿ ಒಣಗ್ತದೆ."

"ಬೆಳಿಗ್ಗೆ ಎದ್ದ ಕೂಡ್ಲೇ ನೀರು ಕೊಡ್ಬೇಡಿ. ಬಿಸಿ ಮಾಡಿ ಕೊಡಿ."

"ಎಂಟು ಹೆತ್ತೋಳು ಕಣಮ್ಮಿ ನಾನು."

"ಗೊತ್ತು. ಆದ್ರೂ."

"ಆಯ್ತು. ಬಿಸಿ ಮಾಡಿ ಕೊಡ್ತೀನಿ."

ಗಾಡಿ ಬೆಳಿಗ್ಗೆ ಹೊರಟಿತು. ರಂಗಪ್ಪ ಯಗಟಿಯವರೆಗೆ ಬಿಟ್ಟು ಬರಲು ರಜ ಕೇಳಿದ್ದ. ತೀರ್ಥಮ್ಮನಿಗೆ ರಜ ಇರಲಿಲ್ಲ. ಅವಳು ಅಡಿಗೆಯ ಚಪ್ಪರದಿಂದ ಕೈಯಲ್ಲಿ ಹಿಟ್ಟು ಮೆತ್ತಿಕೊಂಡೇ ಓಡಿ ಬಂದಳು. ಹೊನ್ನಿ ಅಜ್ಜಿಯ ತೊಡೆಯ ಮೇಲೆ ಕುಳಿತು ಎತ್ತಿನ ಬಾಲವನ್ನು ನೋಡುತ್ತಿದ್ದಳು. ಅವಳು ಅಳಲಿಲ್ಲ. ಗಾಡಿಯಲ್ಲಿ ಕೂತದ್ದಕ್ಕೆ ಖುಷಿಯಾಗಿತ್ತು. "ಅವ್ವ, ನೀನೂ ಹತ್ತು," ಎಂದಳು.

"ನೀನ್ ಹೋಗಿರು. ಬತ್ತೀನಿ."

ತಿರುವಿನಲ್ಲಿ ಮಂಜಿತ್ತು. ಗಾಡಿ ಬೇಗ ಮರೆಯಾಯಿತು. ಗಂಟೆಯ ಸದ್ದು ಸ್ವಲ್ಪ ಹೊತ್ತು ಕೇಳಿಸಿತು. ಚಪ್ಪರದಿಂದ ಯಾರೋ ಹಿಟ್ಟು ಸೀದುಹೋಗ್ತಿದೆ ಎಂದು ಕೂಗಿದರು.

ಮಧ್ಯಾಹ್ನ ಅವಳು ಹಿತ್ತಲಿಗೆ ಹೋಗಿ ಗುದ್ದಲಿ ತೆಗೆದುಕೊಂಡು ಬದುಗಳನ್ನು ಒಡೆದಳು. ಒಂದನ್ನೂ ಬಿಡಲಿಲ್ಲ. ನೀರು ಕೆಂಪಗೆ ಹೊರಗೆ ಹರಿಯಿತು. ಮಣ್ಣು ಗುಡ್ಡೆಗುಡ್ಡೆಯಾಗಿ ಬಿದ್ದಿತ್ತು. ಬಟ್ಟೆಯಲ್ಲಿ ಉಳಿದಿದ್ದ ಬೂದಿ ಮಿಶ್ರಿತ ಬೀಜವನ್ನು ಅದರ ಮೇಲೆ ಕೊಡವಿ, ಬಟ್ಟೆಯನ್ನು ಒಲೆಗೆ ಹಾಕಿದಳು.

ರಂಗಪ್ಪ ಯಗಟಿಯಿಂದ ಬಂದ ಮೇಲೆ ಅವಳು ಕೇಳಿದ್ದು ಒಂದೇ ಮಾತು.

"ಅತ್ಲಾ?"

"ಇಲ್ಲ."

*

ವಿಶಾಖೆ ಕಳೆದ ಮೇಲೆ ಮಳೆ ನಿಂತಿತು. ಬೆಟ್ಟಕ್ಕೆ ಒಣ ಚಳಿ ಇಳಿಯಿತು. ಬೆಳಿಗ್ಗೆ ಹುಲ್ಲಿನ ಮೇಲೆ ಕಾಲಿಟ್ಟರೆ ಪಾದ ಜೋಮು ಹಿಡಿಯುತ್ತಿತ್ತು. ಒಡೆದ ಮಣ್ಣಿನ ಗುಡ್ಡೆಗಳ ಮೇಲೆ ಹಸಿರು ಕಂಡಿತು. ತೀರ್ಥಮ್ಮ ಮೊದಲು ಕಳೆ ಎಂದುಕೊಂಡಳು. ಬಗ್ಗಿ ನೋಡಿದರೆ ಹರಿವೆ. ಪಕ್ಕದ ಗುಡ್ಡೆಯಲ್ಲಿ ಎರಡು ಅವರೆ. ತಗ್ಗಿನಲ್ಲಿ ಬಿದ್ದ ಬೀಜದಲ್ಲಿ ಒಂದೂ ಮೊಳೆತಿರಲಿಲ್ಲ.

ಅವಳು ಅಲ್ಲೇ ಕುಕ್ಕರಗಾಲಿನಲ್ಲಿ ಕುಳಿತು ಬಹಳ ಹೊತ್ತು ನೋಡಿದಳು. ಆಮೇಲೆ ಗುದ್ದಲಿ ತಂದು ತಗ್ಗಿನ ಮಣ್ಣನ್ನೆಲ್ಲಾ ಮೇಲಕ್ಕೆ ಎಳೆದಳು. ಪಾತಿ ಇದ್ದ ಕಡೆ ದಿಬ್ಬಗಳಾದವು.

"ಏನೇ ಇದು, ಸಾಲಾಗಿ ಗೋರಿ ಕಟ್ದಂಗೈತೆ," ಎಂದ ರಂಗಪ್ಪ.

"ಸಂತೇಲಿ ಬೀಜ ಸಿಕ್ರೆ ತನ್ನಿ. ಮೆಂತ್ಯ, ಕುಂಬಳ."

"ಇನ್ಯಾರ್ಗೇ?"

"ತನ್ನಿ ಅಂದೆ."

ಅವನು ತಂದ. ಪುಷ್ಯ ಮಾಸದ ಹೊತ್ತಿಗೆ ಹಿತ್ತಲಲ್ಲಿ ಕಾಲಿಡಲು ಜಾಗವಿರಲಿಲ್ಲ. ಕುಂಬಳ ಹೂ ಬಿಟ್ಟು, ಬೇಲಿಯ ತಂತಿ ಹತ್ತಿತು. ಅವರೆಗೆ ಇಬ್ಬನಿ ಹಿಡಿದು ಸೊಗಡು ಮನೆಯೊಳಗೆಲ್ಲಾ ಬರುತ್ತಿತ್ತು. ಗಂಡ ಹೆಂಡತಿ ಇಬ್ಬರೂ ದಿನವೂ ಬಸ್ಸಾರು ಉಂಡರು. ಉಳಿದದ್ದು ಕೂಲಿಯವರ ಸಾರಿಗೆ ಹೋಯಿತು. ಚನ್ನಬಸಪ್ಪ ಎರಡು ಸಲ ಸಾರು ಹಾಕಿಸಿಕೊಂಡು, "ಈ ಕೈ ಇಷ್ಟು ದಿನ ಎಲ್ಲಿತ್ತಮ್ಮಾ?" ಎಂದ. ಅವಳು ಸೌಟು ತೊಳೆಯುತ್ತಿದ್ದಳು.

ಒಂದು ದಿನ ಊಟದ ನಡುವೆ ಅವಳು ಹೇಳಿದಳು:

"ಈಗ ಕರ್ಕೊಂಡ್ ಬರಾನ."

ರಂಗಪ್ಪ ಸಾರು ಸುರಿದುಕೊಂಡ. "ಸಂಕ್ರಾಂತಿ ಬರ್ಲಿ."

"ಸಂಕ್ರಾಂತಿಗೆ ಹೋಗಿ, ಕರ್ಕೊಂಡೇ ಬರೋದು."

"ಹೂಂ. ನೋಡಾನ."

"ನೋಡಾನ ಅಲ್ಲ."

ಅವನು ಗಂಗಳದಿಂದ ತಲೆ ಎತ್ತಲಿಲ್ಲ.

*

ಅವಳು ಚನ್ನಬಸಪ್ಪನ ಕೈಕಾಲು ಹಿಡಿದು ನಾಲ್ಕು ದಿನ ಬಿಡುವು ಪಡೆದಳು. ಬುಟ್ಟಿಯ ತಳಕ್ಕೆ ಎಳೆಯ ಕುಂಬಳಕಾಯಿ, ಮೇಲೆ ಅವರೆಕಾಯಿ, ಅದರ ಮೇಲೆ ಒದ್ದೆ ಬಟ್ಟೆಯಲ್ಲಿ ಸುತ್ತಿದ ಸೊಪ್ಪು. ರಂಗಪ್ಪನ ಜೊತೆ ತರೀಕೆರೆಯಲ್ಲಿ ರೈಲು ಹತ್ತಿ ಬೀರೂರು, ಅಲ್ಲಿಂದ ಕಡೂರು. ಕಡೂರಿನಿಂದ ಯಗಟಿಗೆ ಗಾಡಿ. ದಾರಿಯುದ್ದಕ್ಕೂ ಬುಟ್ಟಿಯನ್ನು ತೊಡೆಯ ಮೇಲಿಂದ ಇಳಿಸಲಿಲ್ಲ. ಹೊನ್ನಿಗೆ ಹೊದಿಸಿ ತರಲು ಒಂದು ಹೊಸ ಕಂಬಳಿಯೂ ಇತ್ತು.

ಅಂಗಳದಲ್ಲಿ ಹೆಂಗಸರು ಅವರೆಕಾಯಿ ಸುಲಿಯುತ್ತಿದ್ದರು. ರಾಶಿ ಮಂಡಿಯೆತ್ತರ ಇತ್ತು. ಒಂದು ಹುಡುಗಿ ರಾಶಿಯ ಮೇಲೆ ಕುಳಿತು ಎಳೆಯ ಕಾಳನ್ನು ಹಸಿಯಾಗಿ ತಿನ್ನುತ್ತಿದ್ದಳು. ಕೆನ್ನೆ ತುಂಬಿತ್ತು. ಎಣ್ಣೆ ಹಾಕಿ ಬಿಗಿದ ಜಡೆ. ತೀರ್ಥಮ್ಮ ಅವಳನ್ನು ದಾಟಿ ಒಳಗೆ ನೋಡಿದಳು. ಆಮೇಲೆ ಮತ್ತೆ ಅವಳ ಕಡೆ ನೋಡಿದಳು.

ಹುಡುಗಿ ಎದ್ದು ನಿಂತಳು. "ಬೆಟ್ಟದವ್ವ ಬಂದ್ಲು!" ಎಂದು ಒಳಗೆ ಕೂಗಿದಳು.

"ಅವ್ವ ಅನ್ನು," ಎಂದಳು ತೀರ್ಥಮ್ಮ.

"ಬೆಟ್ಟದವ್ವ," ಎಂದಳು 	ಹೊನ್ನಿ, ನಗುತ್ತಾ.

ಕರಿಯಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದಳು. "ಯಾರೂ ಹೇಳ್ಕೊಟ್ಟಿಲ್ಲ ಕಣಮ್ಮಿ. ನಾವೆಲ್ಲಾ ನಮ್ಮವ್ವನ್ನ ಅವ್ವ ಅಂತೀವಲ್ಲ, ಅದೂ ಅಜ್ಜೀನ ಹಂಗೇ ಅಂತು. ಇನ್ನ ಇಬ್ರು ಅವ್ವ ಆದ್ರೆ ಗೊತ್ತಾಗೋದೆಂಗೆ? ತಾನೇ ಹೆಸ್ರು ಕಟ್ಕೊಂಡ್ತು."

"ಅವ್ವ ಅಂತ ಕೂಗಿದ್ರೆ ಓ ಅಂತೀನಿ," ಎಂದಳು ತೀರ್ಥಮ್ಮ ಮಗುವಿಗೆ. "ಇಲ್ದಿದ್ರೆ ಅನ್ನಲ್ಲ."

ಹೊನ್ನಿ ಕರಿಯಮ್ಮನ ಸೀರೆಯ ಹಿಂದೆ ಸರಿದಳು. ಅವಳ ಎರಡು ಕೈಯಲ್ಲೂ ಹೊಸ ಹಸಿರು ಬಳೆ. ತೀರ್ಥಮ್ಮ ಬಳೆಯನ್ನು ನೋಡಿದ್ದನ್ನು ಕರಿಯಮ್ಮ ನೋಡಿದಳು.

"ತಿಮ್ಮಂಗೆ ಅಂತ ಎಲೆ ಅಡಿಕೆ ಇಟ್ವಲ್ಲ, ಆವತ್ತು ಇಡಿಸಿದ್ದು."

"ಯಾವತ್ತು?"

"ರಂಗ ಬಿಡೋಕೆ ಬಂದಿದ್ನಲ್ಲ, ದೀಪಾವಳೀಲಿ. ಅವನೇ ತಟ್ಟೆ ತಗಂಡ. ಹೇಳ್ಲಿಲ್ವಾ?"

ರಂಗಪ್ಪ ಗಾಡಿಯಿಂದ ಬುಟ್ಟಿ ಇಳಿಸಿ ಅದರ ಬಾಯಿಗೆ ಕಟ್ಟಿದ್ದ ಹಗ್ಗಕ್ಕೆ ಕೈ ಹಾಕಿದ್ದ. ಹಗ್ಗದ ಗಂಟು ಅವನಿಗೆ ಬಿಚ್ಚಲು ಬರುತ್ತಿರಲಿಲ್ಲ.

"ನೀವಾ?" ಎಂದಳು ತೀರ್ಥಮ್ಮ.

"ಇನ್ನೇನ್ ಮಾಡ್ಲಿ? ಎಲ್ರೂ ಕೂತಿದ್ರು," ಎಂದ ರಂಗಪ್ಪ.

ಅವಳು ಬುಟ್ಟಿಯನ್ನು ಅವನ ಕೈಯಿಂದ ತೆಗೆದುಕೊಂಡು ಅಡಿಗೆಮನೆಗೆ ಹೋದಳು. ಯಾರನ್ನೂ ಕೇಳದೆ ಸೊಪ್ಪು ಸೋಸಿ, ಕುಂಬಳ ಹೆಚ್ಚಿ, ಬಸ್ಸಾರಿಗೆ ಇಟ್ಟಳು. ಹುಚ್ಚಮ್ಮ ಬಂದು ಬಾಗಿಲಿಗೆ ಒರಗಿ ಕುಳಿತಳು. ಒಂದು ಹರಿವೆಯ ದಂಟನ್ನು ಕೈಗೆ ತೆಗೆದುಕೊಂಡು ಮುರಿದು ನೋಡಿದಳು.

"ಎಳೇದಾಗೈತೆ. ನಿನ್ನದಾ?"

"ಹೂಂ. ದಿಬ್ಬದ ಮೇಲೆ ಹಾಕ್ದೆ."

"ದಿಬ್ಬದ ಮೇಲಾ?" ಹುಚ್ಚಮ್ಮ ದಂಟನ್ನು ತಿರುಗಿಸಿ ತಿರುಗಿಸಿ ನೋಡಿದಳು. "ನೀರು ಹರಿದು ಹೋಗಲ್ವಾ?"

"ಹೋಗ್ಲಿ ಅಂತಾನೇ."

ಮುದುಕಿ ದಂಟನ್ನು ಕೆಳಗಿಟ್ಟು, "ನಾನೂ ಜೊತೇಲಿ ಬದು ಕಟ್ಟಿದ್ನಲ್ಲ," ಎಂದಳು. "ನನ್ನದೂ ತಪ್ಪೇ."

ಒಲೆಯ ಮೇಲೆ ಗಡಿಗೆ ಕುದಿಯಿತು. ತೀರ್ಥಮ್ಮ ಹಿಟ್ಟು ಹಾಕಿ ಕೋಲು ತೆಗೆದುಕೊಂಡಳು.

"ಕರ್ಕೊಂಡ್ ಹೋಗೋಕೆ ಬಂದಿದ್ದೀಯ?"

"ಹೂಂ."

"ಕರ್ಕೊಂಡ್ ಹೋಗು. ಎಲೆ ಅಡಿಕೆ ಇಟ್ರೇನಾಯ್ತು, ಹೆತ್ತೋಳು ನೀನು. ಕರಿಯಮ್ಮ ಬಾಯಿ ಮಾಡಿದ್ರೆ ನಾನು ನೋಡ್ಕೋತೀನಿ. ಒಂದೇ ಒಂದು ಕೇಳ್ತೀನಿ, ಹೇಳು. ಆಷಾಢದಲ್ಲಿ ನಿನ್ನ ದಿಬ್ಬದ ಮೇಲೆ ಏನಿರ್ತದೆ?"

ತೀರ್ಥಮ್ಮ ಹಿಟ್ಟು ತಿರುವುತ್ತಿದ್ದಳು.

"ಬಿಸಿಲಿರ್ತದಾ?"

"ಇಲ್ಲ."

"ಗಾಡಿ ಹತ್ತತದಾ?"

"ಇಲ್ಲ."

"ನೀನ್ ಮನೇಲಿರ್ತೀಯ?"

ತೀರ್ಥಮ್ಮ ಕೋಲನ್ನು ಗಡಿಗೆಯ ತಳದವರೆಗೆ ಒತ್ತಿ ತಿರುವಿದಳು.

ಊಟಕ್ಕೆ ಎಲ್ಲರೂ ಕುಳಿತರು. ಹೊನ್ನಿ ಅಜ್ಜಿಯ ಮಗ್ಗುಲಲ್ಲಿ ಕಾಲು ಮಡಿಸಿ ಕುಳಿತಳು. ತೀರ್ಥಮ್ಮ ಬಡಿಸಿದಳು. ಮಗು ಮುದ್ದೆ ಮುರಿದು, ಸಾರಿಗೆ ಅದ್ದಿ, ನುಂಗಿತು. ಮತ್ತೊಂದು ತುತ್ತು. ಸಾರು ಗಲ್ಲದ ಮೇಲೆ ಇಳಿದರೂ ನಿಲ್ಲಿಸಲಿಲ್ಲ. ತಿಮ್ಮ ಅವಳ ಪಲ್ಯಕ್ಕೆ ಕೈ ಹಾಕಿದ. ಅವಳು ಅವನ ಕೈಗೆ ಹೊಡೆದಳು.

"ಅವ್ವ, ಇನ್ನೊಂಚೂರು," ಎಂದಳು ಹೊನ್ನಿ.

ಅವಳು ಕೇಳಿದ್ದು ಹುಚ್ಚಮ್ಮನನ್ನು. ಸೌಟು ತೀರ್ಥಮ್ಮನ ಕೈಯಲ್ಲಿತ್ತು. ಅವಳು ಹಾಕಿದಳು. ಊಟವಾಗುವವರೆಗೂ ಮಗು ಒಂದು ಸಲವೂ ಕೆಮ್ಮಲಿಲ್ಲ.

ಮಾರನೆಯ ಬೆಳಿಗ್ಗೆ ಕಡೂರಿಗೆ ಗಾಡಿ ಕಟ್ಟಿದರು. ಹೊಸ ಕಂಬಳಿಯನ್ನು ತೀರ್ಥಮ್ಮ ಹುಚ್ಚಮ್ಮನ ಕೈಗೆ ಕೊಟ್ಟಳು.

"ರಾತ್ರಿ ಹೊದ್ದಿಸಿ. ಒದ್ದು ತೆಗೀತಾಳೆ. ಮತ್ತೆ ಹೊದ್ದಿಸ್ಬೇಕು."

ಹುಚ್ಚಮ್ಮ ಕಂಬಳಿಯನ್ನು ಎದೆಗೆ ಹಿಡಿದು ಸೊಸೆಯ ಮುಖ ನೋಡಿದಳು. "ಯೋಚ್ನೆ ಮಾಡೇ. ನಾನೇನು ತಡೆದಿಲ್ಲ."

"ಗೊತ್ತು ಅತ್ತೆಮ್ಮ."

ರಂಗಪ್ಪ ಮೊದಲೇ ಹತ್ತಿ ಕುಳಿತಿದ್ದ. ಹಿಂದಿನ ದಿನದಿಂದ ಹೆಂಡತಿ ಅವನೊಡನೆ ಮಾತನಾಡಿರಲಿಲ್ಲ. ಅವಳು ಹತ್ತಿ, ಖಾಲಿ ಬುಟ್ಟಿಯನ್ನು ಇಬ್ಬರ ನಡುವೆ ಇಟ್ಟಳು. ಗಾಡಿ ಬೀದಿ ದಾಟಿ ತೆಂಗಿನ ತೋಟದ ಪಕ್ಕಕ್ಕೆ ಬಂತು.

ಹಿಂದೆ ಚಿಕ್ಕ ಕಾಲುಗಳ ಸದ್ದು. ಹೊನ್ನಿ ಧೂಳಿನಲ್ಲಿ ಓಡಿ ಬರುತ್ತಿದ್ದಳು. ಅಷ್ಟು ದೂರ ಓಡಿದರೂ ಅವಳಿಗೆ ಏದುಸಿರು ಬಂದಿರಲಿಲ್ಲ.

"ಬೆಟ್ಟದವ್ವ! ಬೆಟ್ಟದವ್ವ!"

ರಂಗಪ್ಪ ಗಾಡಿಯವನಿಗೆ ನಿಲ್ಲಿಸಲು ಹೇಳಲೋ ಬೇಡವೋ ಎಂದು ಹೆಂಡತಿಯ ಕಡೆ ನೋಡಿದ. ಅವಳು ತಿರುಗಿ ಹಿಂದಿನ ಹಲಗೆಯನ್ನು ಹಿಡಿದುಕೊಂಡಿದ್ದಳು.

"ಓ," ಎಂದಳು ತೀರ್ಥಮ್ಮ.